ಸ್ಪೀಕರಿನ ಮೇಲೆ ಅಂಗೈ

ನವೆಂಬರ್ ೯, ರವಿವಾರ

‘ಬರೇ ಕಿವಿಲೆ ಯಾಕ ಕೇಳಬೇಕ್ರಿ’ ಎಂದಳೋ, ಇಂಥದ್ದೇ ಇನ್ನೇನೋ ಎಂದಳೋ ಅರೀಬಾ. ಪೂರ್ತಿ ಕೇಳಿಸಲಿಲ್ಲ. ಈಗ ನನಗೆ ಯಾವುದೂ ಪೂರ್ತಿ ಕೇಳಿಸುವುದಿಲ್ಲ. ಯಾರಿಗೂ ಹೇಳಿಲ್ಲ. ತಲೆಯಾಡಿಸಿ, ನಕ್ಕು ಸಾಗಿಸುತ್ತಿದ್ದೇನೆ.

ಗೆಳೆಯ ಅಯಾಜನ ಮಗಳು ಅವಳು. ಖಾನಾಪುರದಾಚೆ, ಮುಚ್ಚಿಹೋದ ಹಂಚಿನ ಕಾರ್ಖಾನೆಯಲ್ಲಿ ಅವಳ ಪಂಕ್ ಸಂಗೀತ ತಂಡದ ಕಾರ್ಯಕ್ರಮ. ಒಬ್ಬನೇ ಹೋಗಲು ಅಯಾಜನಿಗೆ ಧೈರ್ಯ ಸಾಲದೆ ನನ್ನನ್ನೂ ಕಾರಿಗೆ ಹತ್ತಿಸಿಕೊಂಡ. ದಾರಿಯಲ್ಲಿ ದೇಸೂರು ದಾಟುವವರೆಗೂ ಏನೇನೋ ಹೇಳುತ್ತಿದ್ದ. ಹೂಂಗುಟ್ಟಿದೆ.

ಅರೀಬಾ ತನ್ನ ಅಜ್ಜಿಯ ಹೊಲಿಗೆ ಯಂತ್ರಕ್ಕೆ ಮೈಕು ಕಟ್ಟಿ ತುಳಿಯತೊಡಗಿದಳು. ಜೊತೆಗೆ ಡ್ರಮ್ಮು, ಕಿರುಚಾಟ. ಅಯಾಜ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ: ‘ಹಾಡು ಯಾವಾಗ ಚಾಲೂ ಆಗ್ತದಲೇ?’

‘ಹಾಡಂದ್ರ ಇದಲೇ.’

ಅವನಿಗೆ ಕೇಳಿಸಲಿಲ್ಲ. ಅಲ್ಲಿ ಯಾರಿಗೂ ಯಾರ ಮಾತೂ ಕೇಳಿಸುತ್ತಿರಲಿಲ್ಲ; ಎಲ್ಲರೂ ನನ್ನ ಹಾಗೆಯೇ ತಲೆಯಾಡಿಸಿ ನಗುತ್ತಿದ್ದರು. ಎಷ್ಟೋ ತಿಂಗಳ ನಂತರ ಜನರ ನಡುವೆ ಹೆದರದೆ ನಿಂತಿದ್ದೆ.

ತನ್ನ ಸರದಿ ಮುಗಿಸಿ ಬಂದವಳು ನನ್ನ ಕೈ ಹಿಡಿದು ಸ್ಪೀಕರಿನ ಮೇಲಿಟ್ಟಳು. ಎಡಗಿವಿಗೆ, ಅಷ್ಟಿಷ್ಟು ಕೇಳುವ ಕಿವಿಗೇ, ಬಾಗಿ ಕೂಗಿದಳು: ‘ಕಾಕಾ, ನನಗ ಗೊತ್ತೈತ್ರಿ. ಅಬ್ಬಾಗ ಹೇಳಿಲ್ಲ.’ ಆಮೇಲೆ ಆ ಅರ್ಧ ಕೇಳಿಸಿದ ಮಾತು. ಅಷ್ಟರಲ್ಲಿ ಮುಂದಿನ ತಂಡದ ಅಬ್ಬರ ನನ್ನ ಅಂಗೈಯಿಂದ ಮೊಳಕೈಗೆ, ಅಲ್ಲಿಂದ ಎದೆಗೆ ಏರಿತ್ತು. ಒಂದಿಷ್ಟೂ ತಪ್ಪಿಹೋಗಲಿಲ್ಲ.

ಮನೆಗೆ ಬಂದ ಮೇಲೂ ಕೈ ಜುಮ್ಮೆನ್ನುತ್ತಿದೆ.

ಅವ್ವಾ, ಕಿವಿ ಪೂರ್ತಿ ಹೋದ ಮೇಲೂ ದಿನಾ ಸಂಜೆ ರೇಡಿಯೋದ ಮೇಲೆ ಅಂಗೈ ಇಟ್ಟು ಕೂರುತ್ತಿದ್ದೆಯಲ್ಲ, ನಿನಗೂ ಹೀಗೇ ಕೇಳುತ್ತಿತ್ತೇನು?