ಇನ್‌ಸ್ಪೆಕ್ಟರರ ಹಲ್ಲು, ಅತ್ತೆಯ ಬಾಯಿ

ಮುಕ್ತ ಆಪರೇಟಿಂಗ್ ಸಿಸ್ಟಂನ ನೆಟ್‌ವರ್ಕ್ ವಿಭಾಗದ ನಿರ್ವಾಹಕರಿಗೆ,

ಮಾನ್ಯರೇ, ನಿಮ್ಮ ದೆಸೆಯಿಂದ ನಮ್ಮ ಸೋದರತ್ತೆ ನಗುವುದನ್ನೇ ಬಿಟ್ಟಿದ್ದಾರೆ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ, ಆದ್ದರಿಂದ ಆಪಾದನೆ ಮೊದಲ ಸಾಲಿನಲ್ಲೇ ಇದೆ.

ನಾನು ಹಲ್ಲಿನ ಸೆಟ್ ಮಾಡುವವಳು. ದಂತವೈದ್ಯರು ಕ್ಲಿನಿಕ್ಕಿನಲ್ಲಿ ಬಾಯಿಯ ಅಳತೆ ತೆಗೆದು ಇಂಟರ್ನೆಟ್ಟಿನಲ್ಲಿ ಕಳುಹಿಸಿದರೆ, ನನ್ನ ಅಂಗಡಿಯ ಹಿಂದಿನ ಕೋಣೆಯ ಯಂತ್ರ ಅದರಂತೆ ಹಲ್ಲು ಕೆತ್ತುತ್ತದೆ. ಅದನ್ನು ನಡೆಸುವ ಕಂಪ್ಯೂಟರಿನಲ್ಲಿರುವುದು ನಿಮ್ಮ ಸಿಸ್ಟಂ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ನಿಮ್ಮ ಜಾಲತಾಣದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ. ನಂಬಿಬಿಟ್ಟೆ. ಈಚೆಗೆ ಇಂಟರ್ನೆಟ್ ಕಂಪನಿಯವರು, ಜಾಲದಲ್ಲಿ ಒಂದೊಂದು ಕಂಪ್ಯೂಟರನ್ನೂ ಗುರುತಿಸುವ ಹಳೆಯ ಬಗೆಯ ಐಪಿ ವಿಳಾಸಗಳು ಮುಗಿದುಹೋದವೆಂದು ನಮ್ಮ ಬೀದಿಗೆಲ್ಲ ಹೊಸ ಬಗೆಯ, ಉದ್ದನೆಯ ವಿಳಾಸಗಳನ್ನು ಕೊಟ್ಟರು. ಪಕ್ಕದ ಕ್ಷೌರದಂಗಡಿಯ ಟಿವಿಗೂ ಅವು ಅರ್ಥವಾದವು. ನಿಮ್ಮ ಸಿಸ್ಟಂಗೆ ಮಾತ್ರ ಆಗಲಿಲ್ಲ. ಅಳತೆ ಬರುವುದು ನಿಂತುಹೋಯಿತು.

ಆ ವಾರವೇ ಅತ್ತೆಯ ಸೆಟ್ ಆಗಬೇಕಿತ್ತು. ವೈದ್ಯರು ಅಳತೆಯನ್ನು ಪೆನ್‌ಡ್ರೈವ್‌ನಲ್ಲಿ ಕಳುಹಿಸಿದರು. ಕ್ಲಿನಿಕ್ಕಿನ ಗಡಿಬಿಡಿಯಲ್ಲಿ ಯಾರೋ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರರ ಅಳತೆಗೆ ಅತ್ತೆಯ ಹೆಸರು ಅಂಟಿಕೊಂಡಿತ್ತು. ನಾನು ಮುತುವರ್ಜಿಯಿಂದ ಕೆತ್ತಿಸಿ, ಹೊಳಪು ಕೊಟ್ಟು, ಅತ್ತೆಯ ಬಾಯಿಗೆ ಇಟ್ಟೆ. ಅವರು ಕನ್ನಡಿ ನೋಡಿಕೊಂಡು, ಸೆಟ್ಟನ್ನು ಕಿತ್ತು ನನ್ನ ಅಂಗೈಗೆ ಹಾಕಿದರು.

“ಲೇ, ಇದು ಯಾವ ಗಂಡಸಿನ ಬಾಯೇ?”

“ಪೆನ್‌ಡ್ರೈವ್‌ನಲ್ಲಿ ಅದಲುಬದಲಾಗಿದೆ ಅತ್ತೆ. ಇನ್ನೊಂದ್ಸಲ ತರಿಸ್ತೀನಿ.”

“ಏನೂ ಬೇಡ. ನಾನು ಡಾಕ್ಟ್ರ ಕುರ್ಚೀಲಿ ಕೂತಿರೋವಾಗ್ಲೇ ಅಳತೆ ನೇರವಾಗಿ ನಿನ್ನ ಮಿಷನ್‌ಗೆ ಬರ್ಬೇಕು. ಅಲ್ಲೀವರ್ಗೂ ನಾನು ಬಾಯಿ ತೆಗೆಯಲ್ಲ.”

ತೆಗೆದಿಲ್ಲ. ಬೀದಿಯ ತುದಿಗೆ ಕೇಳುವಂತೆ ನಗುತ್ತಿದ್ದವರು ಈಗ ಬಾಯಿಗೆ ಕರವಸ್ತ್ರ ಹಿಡಿದು ಕಿಟಕಿಯ ಬಳಿ ಕೂತಿರುತ್ತಾರೆ. ತಾಯಿಯಿಲ್ಲದ ನನ್ನನ್ನೂ ತಂಗಿಯನ್ನೂ ಆ ನಗುವಿನಲ್ಲೇ ಬೆಳೆಸಿದವರು ಅವರು.

ಪ್ರೋಗ್ರಾಂ ಬರೆಯುವ ನನ್ನ ತಂಗಿ ಕೈಕಟ್ಟಿ ಕೂರಲಿಲ್ಲ. ಹೊಸ ವಿಳಾಸ ಅರ್ಥವಾಗುವಂತೆ ನಿಮ್ಮ ಸಿಸ್ಟಂಗೆ ಕೋಡ್ ಬರೆದು ನನ್ನ ಕಂಪ್ಯೂಟರಿಗೆ ಹಾಕಿದಳು. ಅಳತೆ ಸರಾಗವಾಗಿ ಬಂತು! ಆದರೆ ನಿಮ್ಮ ಅಧಿಕೃತ ಮುದ್ರೆ ಇಲ್ಲದ ಸಿಸ್ಟಂ ಕಂಡರೆ ನನ್ನ ಯಂತ್ರ ಹಲ್ಲು ಕೆತ್ತುವುದಿಲ್ಲ. ಸರಿ, ಮುದ್ರೆಗಾಗಿ ತಂಗಿ, ಹಳೆಯ ವಿಳಾಸ ಇನ್ನೂ ಉಳಿದಿರುವ ತನ್ನ ಆಫೀಸಿನಿಂದ ಕೋಡನ್ನು ನಿಮಗೆ ಕಳುಹಿಸಿದಳು. ಒಂದು ಸಾಲು ಉದ್ದವಾಯಿತು ಎಂದಿರಿ. ಮೊಟಕು ಮಾಡಿದಳು. ಪರೀಕ್ಷೆಯ ವರದಿ ಬೇಕು, ಅದೂ ಪರೀಕ್ಷಿಸಿದ ಕಂಪ್ಯೂಟರಿನಿಂದಲೇ ನೇರವಾಗಿ ನಿಮ್ಮ ಸರ್ವರ್‌ಗೆ ಬರಬೇಕು ಎಂದಿರಿ. ಇಲ್ಲೇ ಇರುವುದು ನಿಮ್ಮ ಜಾಣತನ. ನಿಮ್ಮ ಸರ್ವರ್‌ಗೆ ಇರುವುದು ಹಳೆಯ ವಿಳಾಸ ಮಾತ್ರ, ನನ್ನ ಕಂಪ್ಯೂಟರಿಗೆ ಇರುವುದು ಹೊಸದು ಮಾತ್ರ. ವರದಿ ನಿಮ್ಮನ್ನು ತಲುಪುವುದಾದರೂ ಹೇಗೆ? ತಲುಪಲಿಲ್ಲ. ಆಗ ನೀವು ಬರೆದಿರಿ: “ಪರೀಕ್ಷಿಸಿದವರ ವರದಿ ಒಂದೂ ಬಂದಿಲ್ಲ. ಬೇಡಿಕೆ ಇಲ್ಲ. ನನ್ನ ಮನೆಯಲ್ಲಿ ಎಲ್ಲ ಸರಿಯಾಗಿದೆ.”

ಆಹಾ! ಒಳಗಿನಿಂದ ಚಿಲಕ ಹಾಕಿಕೊಂಡು, ಅತಿಥಿಗಳೇ ಬರಲಿಲ್ಲವಲ್ಲ ಎಂದು ಕೊರಗುವವರನ್ನು ಇದೇ ಮೊದಲು ಕಂಡೆ. ಹೊರಗೆ ನಿಂತು ಬಾಗಿಲು ಬಡಿಯುತ್ತಿರುವವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ ಸ್ವಾಮಿ? ನೀವು ಸಂಬಳವಿಲ್ಲದೆ ದುಡಿಯುತ್ತೀರಿ, ಬಲ್ಲೆ, ಗೌರವವೂ ಇದೆ. ಆದರೆ ನನ್ನ ತಂಗಿಗೇನು ನೀವು ಸಂಬಳ ಕೊಟ್ಟಿರಾ?

ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಇನ್‌ಸ್ಪೆಕ್ಟರರ ಪ್ರಸಂಗ ಬಂದಾಗ ಎಲ್ಲ ಮರೆತು ನಕ್ಕರು, ಅದೇ ಹಳೆಯ ನಗು. ಮರುಕ್ಷಣ ನೆನಪಾಗಿ ಕರವಸ್ತ್ರ ಬಾಯಿಗೆ ಹೋಯಿತು. ಅದನ್ನು ಕಂಡ ಮೇಲೆಯೇ ಇದನ್ನು ಪತ್ರಿಕೆಗೆ ಕೊಡುವುದೆಂದು ತೀರ್ಮಾನಿಸಿದೆ.

ನನ್ನ ಒತ್ತಾಯ ಇಷ್ಟೇ. ಮೊದಲು ನಿಮ್ಮ ಸರ್ವರ್‌ಗೆ ಹೊಸ ವಿಳಾಸ ಕೊಡಿ, ಆಮೇಲೆ ತಂಗಿಯ ಕೋಡಿಗೆ ಮುದ್ರೆ ಒತ್ತಿ. ಇನ್‌ಸ್ಪೆಕ್ಟರರು ಬೇರೆಯವರ ಬಾಯಿಗೆ ಹೋಗಿಬಂದ ಸೆಟ್ ಬೇಡವೆಂದದ್ದರಿಂದ ಅದು ಇನ್ನೂ ನನ್ನ ಮೇಜಿನ ಮೇಲಿದೆ. ನೀವು ತಡ ಮಾಡಿದರೆ ಅಂಚೆಯಲ್ಲಿ ನಿಮಗೇ ಕಳುಹಿಸುತ್ತೇನೆ. ಅದನ್ನು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ಎಲ್ಲ ಸರಿಯಾಗಿದೆ ಎಂದು ಒಮ್ಮೆ ಹೇಳಿ ನೋಡಿ.

ಇಂತಿ,
ನೀವು ಇಲ್ಲವೆಂದು ಬರೆದ ಆ ಬೇಡಿಕೆ,
ಹಲ್ಲಿನ ಸೆಟ್ ಮಾಡುವವಳು