ಎರಡನೆಯ ಕಾರು

ಮಾಶಾಕ,

ಬೆಟಗೇರಿಯಲ್ಲಿ ನಾವಿಬ್ಬರೂ ನಡೆಸುತ್ತಿದ್ದ ಗೇಮ್ ಅಂಗಡಿಯ ಕಂಪ್ಯೂಟರಿನಂಥದ್ದನ್ನೇ ಇವತ್ತು ಗುಜರಿ ಸಾಮಾನಿನಿಂದ ಜೋಡಿಸಿದೆ. ಇಂಥ ಮದರ್‌ಬೋರ್ಡು ಈಗ ಸಿಗುವುದಿಲ್ಲ, ಸುಟ್ಟರೆ ಮುಗಿಯಿತು. ಆಗ ಹೊಸ ಕಂಪ್ಯೂಟರ್ ಜೋಡಿಸಿದಾಗಲೆಲ್ಲ ಅದಕ್ಕೆ ಕುಂಕುಮ ಹಚ್ಚುವುದು ನನ್ನ ಕೆಲಸ, ‘ಬಿಸ್ಮಿಲ್ಲಾ’ ಎಂದು ಸ್ವಿಚ್ ಒತ್ತುವುದು ನಿನ್ನದಾಗಿತ್ತು. ಇವತ್ತು ಎರಡನ್ನೂ ನಾನೇ ಮಾಡಿದೆ.

ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಸುಟ್ಟ ವಾಸನೆ ಬಂತು. ವೈರ್ ಕೀಳಲು ಕೈ ಹಾಕುವಷ್ಟರಲ್ಲಿ ಬೀಪ್ ಎಂದು ಪರದೆ ಬೆಳಗಿತು. ಹಳೇ ಧೂಳು ಸುಟ್ಟಿದ್ದಷ್ಟೇ.

ರೂಢಿಯಂತೆ ಇಬ್ಬರಾಡುವ ರೇಸನ್ನೇ ಒತ್ತಿದ್ದೆ. ನನ್ನ ಕಾರು ಸುತ್ತು ಮುಗಿಸಿತು. ನಿನ್ನದು ಹೊರಡುವ ಗೆರೆಯಲ್ಲೇ ನಿಂತಿತ್ತು.

“ಆ ಕೆಂಪು ಕಾರ್ ಯಾರ್ದ್ರಿ?” ಎಂದಳು ಹೆಂಡತಿ ವಿದ್ಯಾಶ್ರೀ.

“ಮಾಶಾಕಂದು.”

“ಹಂಗಾರ ಮಾತ್ ಬಿಟ್ಟದ್ದ್ ಸಾಕು, ಒಂದ್ ಫೋನ್ ಹಚ್ರಿ.”

“ನಿನಗ್ಯಾಕ ಬೇಕ ಅದು? ಸುಮ್ನ ಕುಂಡ್ರು!”

ನಿನ್ನ ಕಾರೂ ಸುತ್ತು ಮುಗಿಸುವ ತನಕ ಆಟ ಮುಗಿಯುವುದಿಲ್ಲ. ಕಂಪ್ಯೂಟರ್ ಇನ್ನೂ ಚಾಲೂ ಇದೆ.

ಹೊನ್ನೇಶ