ಬಿಸಿಲಲ್ಲಿ ಊದಿದ ಸೀಟಿ

ಗುಡ್ಡದ ಶಾಲೆ, ನ್ಸಾಂಜೆ
೨ ಮಾರ್ಚ್

ಪ್ರೀತಿಯ ಡೊರಿಕಾ ಅಕ್ಕನಿಗೆ,

ನಿನ್ನ ತಂಗಿ ಎನೆಲೆಸಿಯ ನಮಸ್ಕಾರ. ಬ್ಲಾಂಟೈರ್‌ನಲ್ಲಿ ನೀನೂ ಭಾವನೂ ಆರೋಗ್ಯ ತಾನೇ? ನಾಲ್ಕು ವರ್ಷ ಒಂದು ಸಾಲೂ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ನಿನ್ನ ಮಗು ಲುಸಿತಾಳನ್ನು ಹೊಳೆ ಒಯ್ದ ಮೇಲೆ ಈ ಊರಿನ ಹೆಸರೆತ್ತಿದರೂ ನಿನಗಾಗದು, ಗೊತ್ತು. ಆದರೂ ಹೇಳಬೇಕೆನಿಸಿತು: ಈ ಸಲದ ನೆರೆಯಲ್ಲಿ ನಮ್ಮೂರಿನ ಒಂದು ಜೀವವೂ ಹೋಗಲಿಲ್ಲ.

ಹೊಳೆಯಲ್ಲಿ ನೀರಿನ ಮಟ್ಟ ತೋರಿಸುವ ಬಣ್ಣದ ಕಂಬವನ್ನು ಈಗಲೂ ನಾನೇ ನೋಡುತ್ತೇನೆ. ಗುರುವಾರ ಬೆಳಿಗ್ಗೆ ನೀರು ಹಸಿರು ಪಟ್ಟಿಯಲ್ಲಿತ್ತು. ಹತ್ತು ಗಂಟೆಗೆ ಮತ್ತೆ ಹೋದೆ, ಹಳದಿಗೆ ಬಂದಿತ್ತು. ಇಲ್ಲಿ ಒಂದು ತುಂಡು ಮೋಡವಿಲ್ಲ. ಮೇಲೆ ಥ್ಯೋಲೊ ಬೆಟ್ಟಗಳಲ್ಲಿ ಒಂದೇ ಸಮನೆ ಸುರಿಯುತ್ತಿದೆ ಎಂದು ಅಲ್ಲಿಯ ಕಂಬ ನೋಡುವವನು ಫೋನ್ ಮಾಡಿದ. ಹಳದಿ ಎಂದರೆ ಗಂಟು ಕಟ್ಟು, ಕೆಂಪು ಎಂದರೆ ಹೊರಡು. ನಮ್ಮವರು ಹಳದಿಗೆ ಮೇಕೆಗಳನ್ನು ಗುಡ್ಡಕ್ಕೆ ಅಟ್ಟಿ, ತಾವು ಮೆಕ್ಕೆಜೋಳ ಕಾಯುತ್ತ ಕೂರುವವರು. ನಾನು ಈ ಸಲ ಕೆಂಪಿಗೆ ಕಾಯದೆ ಸೀಟಿ ಊದಿಬಿಟ್ಟೆ.

ನಮ್ಮತ್ತೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. "ಬಿಸಿಲು ನೆತ್ತಿ ಸುಡ್ತಿದೆ, ಇವಳಿಗೆ ನೆರೆ ಬಂತಂತೆ. ಹಳದಿಗೆಲ್ಲ ಓಡೋಕೆ ನಾವೇನು ಮೇಕೆಗಳಾ?" ಎಂದರು.

"ಮೇಕೆಗಳೇ ವಾಸಿ ಅತ್ತೆ, ಆಗ್ಲೇ ಗುಡ್ಡ ಹತ್ತಿವೆ. ಏಳಿ," ಎಂದೆ.

ಗೊಣಗುತ್ತಲೇ ಎದ್ದರು. ಅರ್ಧ ದಾರಿಗೆ ಬಂದು, ಕೋಳಿ ಮರೆತೆನೆಂದು ತಿರುಗಿ ನಿಂತರು. ಅಷ್ಟರಲ್ಲಿ ನೀರು ರಸ್ತೆಗೆ ಹತ್ತಿತ್ತು.

"ಮೊಣಕಾಲುದ್ದ ತಾನೇ ಇರೋದು, ದಾಟ್ತೀನಿ ಬಿಡೇ."

"ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ, ಮೊಸಳೆನೇ ಕೇಳ್ಬೇಕು," ಎಂದು ಅವರ ಬಟ್ಟೆಯ ತುದಿ ಹಿಡಿದು ಎಳೆದುಕೊಂಡು ಬಂದೆ.

ಎರಡು ಗಂಟೆಯ ಹೊತ್ತಿಗೆ ನಮ್ಮ ಮನೆಯ ಸೂರು ಮಾತ್ರ ಕಾಣುತ್ತಿತ್ತು. ಅತ್ತೆ ತುಂಬ ಹೊತ್ತು ನೋಡಿ, "ಕೋಳಿ ಹೋಯ್ತು" ಎಂದರು. ಆಮೇಲೆ ನನ್ನ ಬೆನ್ನು ಸವರಿದರು.

ಶಾಲೆಯಲ್ಲಿ ಒಂದೊಂದು ಕೋಣೆಗೆ ಹನ್ನೆರಡು ಮನೆಯವರು. ನೀರನ್ನು ಕುದಿಸಿಯೇ ಕುಡಿಯುತ್ತೇವೆ, ಎಲ್ಲರ ಮುದ್ದೆ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಬಂದವರಿಗೆಲ್ಲ ಅತ್ತೆಯದೇ ಕಂಬದ ಪಾಠ, ಸೀಟಿ ಊದಿದ್ದು ತಾವೇ ಎಂಬಂತೆ. ನನಗೆ ನಿಜವಾಗಿಯೂ ಸಂತೋಷವಾಗಿದೆ ಅಕ್ಕ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ
ಎನೆಲೆಸಿ

ತಾ.ಕ.: ಆ ವರ್ಷ ನೆರೆ ಬಂದ ದಿನ ನೀನು ಹೊಲಕ್ಕೆ ಹೊರಟವಳು, "ಮಗು ಮಲಗಿದೆ ಕಣೇ, ನೀರು ಎಲ್ಲಿವರೆಗೆ ಬಂದಿದೆ?" ಎಂದು ಕೇಳಿದ್ದೆ. "ಇನ್ನೂ ಹಸಿರೇ, ಹೋಗ್ಬಾ" ಎಂದು ನಾನು ಹೇಳಿದ್ದೆ. ನಾನು ಮತ್ತೆ ಹೊಳೆಗೆ ಹೋಗಿ ನೋಡಿರಲಿಲ್ಲ ಅಕ್ಕ. ಬೆಳಿಗ್ಗೆ ಕಂಡದ್ದನ್ನೇ ಹೇಳಿದೆ. ಆಕಾಶ ತಿಳಿಯಾಗಿತ್ತು, ನನಗೆ ಹಿಟ್ಟು ಕುಟ್ಟುವುದಿತ್ತು. ನೀರು ಒಮ್ಮೆಲೇ ಬಂತು ಎಂದು ಊರೆಲ್ಲ ಹೇಳಿದಾಗ ನಾನೂ ತಲೆಯಾಡಿಸಿದೆ. ನಾಲ್ಕು ವರ್ಷದಿಂದ ನೀನು ಹೊಳೆಗೆ ಶಾಪ ಹಾಕುತ್ತಿದ್ದೀಯ. ಅದು ನನಗೆ ಸೇರಬೇಕಾದದ್ದು.